ತಾಳಿ ‘ಹೆಚ್ಚಿದ’ ದಿನ

“ನನ್ನ ತಾಳಿ ಕಿತ್ತುಹೋಯಿತು” ಎಂದೊಡನೆ ಹುಣಸೂರಿನ ಅಕ್ಕಸಾಲಿ ಗದರಿದರು: “ಬುಡ್ತು ಅನ್ನಿ ಅಮ್ಮಾವ್ರೇ! ಕಿತ್ತೋಯ್ತು ಅನ್ಬಾರ್ದು, ತಾಳಿ ಹೆಚ್ಚಿತು ಅನ್ಬೇಕು ಕಣ್ರೀ.”

ಮಾರನೆಯ ಬೆಳಿಗ್ಗೆ ಮೈಸೂರಿನಲ್ಲಿ ನಮ್ಮ ಯಜಮಾನರಿಗೆ ಹಾರ್ಟ್ ಆಪರೇಷನ್ ಇತ್ತು. ಇಂಥದ್ದೆಲ್ಲ ಸೂಪರ್‌ಸ್ಟಿಷನ್ ಎಂದು ಕಾನ್ವೆಂಟಿನಲ್ಲಿ ಕಲಿತ ನಾನು ಗಟ್ಟಿಯಾಗಿಯೇ “ಬಿಡ್ತು, ಬಿಡ್ತು” ಎಂದೆ. ಮುರಿದ ಕೊಂಡಿಯನ್ನು ಬೆಸೆಯಲು ಅಕ್ಕಸಾಲಿ ಉರಿ ಊದಿದರು. ಟಿಕ್ ಎಂದು ಸದ್ದಾಯಿತು. ತಾಳಿಯ ಮೇಲಿನ ಹಸಿರು ಎನಾಮಲ್ ಹೂವಿನಲ್ಲಿ ಕೂದಲೆಳೆಯಷ್ಟು ಬಿರುಕು! “ಕಾವು ಜಾಸ್ತಿ ಆಯ್ತು, ಅಷ್ಟೇಯ” ಎಂದರು. ಆದರೆ ನನ್ನ ಮುಖ ನೋಡಲಿಲ್ಲ.

ಆಪರೇಷನ್ ಸಕ್ಸಸ್ ಆಯಿತು. ಯಜಮಾನರು ಈಗ ದಿನಾ ವಾಕಿಂಗ್ ಹೋಗುತ್ತಾರೆ. ಅವರು ಬರುವುದು ಸ್ವಲ್ಪ ಲೇಟಾದರೂ ಸಾಕು, ನನ್ನ ಹೆಬ್ಬೆರಳು ಆ ಬಿರುಕನ್ನೇ ಸವರುತ್ತಿರುತ್ತದೆ.