ಹೆಂಡತಿಯ ದನಿ ತಗ್ಗಿಸಿದವರು

ಅವರ ಎಡಗೈ ಬೆರಳುಗಳ ತುದಿ ಒಣಕೊಬ್ಬರಿಯಷ್ಟು ಗಟ್ಟಿಯಾಗಿತ್ತು. ಲಿಫ್ಟಿನ ಗುಂಡಿ ಒತ್ತಿದರೆ ಟಕ್ಕೆಂದು ಸದ್ದಾಗುತ್ತಿತ್ತು. ಹದಿಹರೆಯದಿಂದ ಗಿಟಾರಿನ ತಂತಿ ಒತ್ತಿ ಜಡ್ಡುಗಟ್ಟಿದ ಬೆರಳು. ಬಿಸಿ ತಟ್ಟುವುದಿಲ್ಲ ಎಂದು ತೋರಿಸಲು ಒಲೆಯ ಮೇಲಿನ ಕಾವಲಿಯನ್ನೇ ಮುಟ್ಟುತ್ತಿದ್ದರು. ಮುಟ್ಟಿದಾಗಲೆಲ್ಲ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದರು.

ಕೌಲಾಲಂಪುರದ ಮಾಂಟ್ ಕಿಯಾರಾ ಬಡಾವಣೆಯ ಬಹುಮಹಡಿ ಕಾಂಡೋದಲ್ಲಿ ಅವರದೂ ನಮ್ಮದೂ ಎದುರುಬದುರು ಬಾಗಿಲು. ಅವರು ಆಸ್ಟ್ರೇಲಿಯಾದವರು, ಒಂದು ಕಾಲದಲ್ಲಿ ಹೆಸರು ಮಾಡಿದ ರಾಕ್ ಗಾಯಕರು. ನಾನು ಉಡುಪಿಯವಳು, ಹತ್ತಿರದ ನಿಲಾಯ್ ಊರಿನ ಕಾಲೇಜೊಂದರಲ್ಲಿ ಶ್ರವಣಶಾಸ್ತ್ರ ಕಲಿಸುವವಳು. ಕಿವಿ ಪರೀಕ್ಷೆ ಮಾಡುವುದು ನನ್ನ ಕಸುಬು. ಅವರ ಹೆಂಡತಿ ಮಲೇಷ್ಯಾದವರೇ, ಇಪೋ ಊರಿನ ತಮಿಳರು. ನಾನು ಅಕ್ಕ ಎನ್ನುತ್ತಿದ್ದೆ. ಕರಿಬೇವು, ದೋಸೆಹಿಟ್ಟು, ಕೊನೆಗೆ ಮನೆಯ ಕೀಲಿಕೈ ಕೂಡ ಎರಡು ಬಾಗಿಲುಗಳ ನಡುವೆ ಓಡಾಡುತ್ತಿದ್ದವು.

ಅವರು ಗಣಿ ಕಾರ್ಮಿಕರೊಬ್ಬರ ಮಗ. ಪಬ್ಬುಗಳಲ್ಲಿ ಹಾಡಿ ಮೇಲೆ ಬಂದವರು. ಕುಡಿದವರು ಗಮನ ಕೊಡದಿದ್ದರೆ ಸದ್ದು ಹೆಚ್ಚಿಸುವುದು, ಆಗಲೂ ಕೊಡದಿದ್ದರೆ ಇನ್ನಷ್ಟು ಹೆಚ್ಚಿಸುವುದು, ಅವರಿಗೆ ಗೊತ್ತಿದ್ದ ಉಪಾಯ ಅದೊಂದೇ. ಹಾಗಿದ್ದಾಗ ಉದ್ದನೆಯ ರಸ್ತೆಯ ಬಗ್ಗೆ ಒಂದು ಹಾಡು ಬರೆದರು. ಅದು ಆಟದ ಮೈದಾನಗಳಿಗೆ ಹೋಯಿತು, ಕಾರಿನ ಜಾಹೀರಾತಿಗೆ ಹೋಯಿತು, ಮದುವೆ ಪಾರ್ಟಿಗಳಿಗೂ ಹೋಯಿತು. ಕಡಲಿಗೆ ಮುಖಮಾಡಿದ ಬಂಗಲೆ, ರೇಸಿನ ಕುದುರೆಗಳು, ವಕೀಲರು ಎಲ್ಲವೂ ಅದರ ಹಿಂದೆಯೇ ಬಂದವು. "ಬರೆದದ್ದು ಒಂದು ಮಧ್ಯಾಹ್ನ. ಉಳಿದ ಆಯುಷ್ಯವೆಲ್ಲ ಅದರ ಬಾಡಿಗೆ ತಿಂದದ್ದು," ಎಂದು ಅವರೇ ಹೇಳುತ್ತಿದ್ದರು. ನನ್ನ ಗಂಡನಿಗೆ ತಮಾಷೆ. "ದುಡ್ಡೇ ದೊಡ್ಡಪ್ಪ ಅಂತಾರಲ್ಲ, ಆ ದೊಡ್ಡಪ್ಪ ನಮ್ಮ ಎದುರುಮನೆಯಲ್ಲೇ ಇದ್ದಾನೆ ಮಾರಾಯ್ತಿ," ಎನ್ನುತ್ತಿದ್ದರು.

ಕೌಲಾಲಂಪುರಕ್ಕೆ ಹಾಡಲು ಬಂದು ಜ್ವರ ಹಿಡಿದು ಮಲಗಿದಾಗ ನೋಡಿಕೊಂಡ ನರ್ಸ್ ನಮ್ಮ ಅಕ್ಕ. ಆಕೆ ಆ ಹಾಡನ್ನು ಕೇಳಿರಲೇ ಇಲ್ಲ. ಕೇಳಿಸಿದಾಗ, "ಓಕೆ ಲಾ, ಆದ್ರೆ ಯಾಕಿಷ್ಟು ಕಿರುಚೋದು?" ಎಂದರಂತೆ. ಆ ಮಾತಿಗೆ ಮನಸೋತು ಬಂಗಲೆ ಮಾರಿ ಇಲ್ಲಿಗೇ ಬಂದುಬಿಟ್ಟೆ ಎಂದು ಅವರು ನೂರು ಸಲ ಹೇಳಿದ್ದಾರೆ. ಪ್ರತಿ ಸಲವೂ ಅಕ್ಕ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ಅಕ್ಕನಿಗೆ ಕ್ಯಾನ್ಸರ್ ಬಂತು. ದುಡ್ಡಿಗೆ ಸಿಗುವ ಚಿಕಿತ್ಸೆಯೆಲ್ಲ ಸಿಕ್ಕಿತು, ಅಕ್ಕ ಉಳಿಯಲಿಲ್ಲ. ಆಮೇಲೆ ಅವರು ಒಳಕೋಣೆಯೊಂದನ್ನು ಸ್ಟುಡಿಯೊ ಮಾಡಿಸಿ ಬಾಗಿಲು ಹಾಕಿಕೊಂಡರು. ಅಕ್ಕ ಒಗ್ಗರಣೆ ಹಾಕುತ್ತಾ ಗುನುಗುತ್ತಿದ್ದುದನ್ನು ಯಾವಾಗಲೋ ಫೋನಿನಲ್ಲಿ ಹಿಡಿದಿಟ್ಟಿದ್ದರು. ಆ ಗುನುಗಿನ ಸುತ್ತ ಗಿಟಾರ್ ನುಡಿಸಿ ಒಂದು ಹಾಡು ಕಟ್ಟುವುದು, ತನ್ನ ಕೊನೆಯ ಹಾಡಿನಲ್ಲಿ ಅವಳು ಇದ್ದಂತೆಯೇ ಇರಬೇಕು ಎನ್ನುವುದು ಅವರ ಹಟ. ಹಿಂದೆಲ್ಲ ಅವರ ಹಾಡಿನ ಸದ್ದುಗಳನ್ನು ಹದ ಮಾಡಲು ಬೇರೆಯವರಿದ್ದರು. ಈ ಸಲ ಬೇರೆ ಯಾರ ಕೈಯೂ ಸೋಕಕೂಡದು ಎಂದರು.

ಒಂದು ಭಾನುವಾರ ಮಧ್ಯಾಹ್ನ ನಮ್ಮನ್ನು ಕರೆದರು. ಸೈಬರ್‌ಜಯಾದ ಇಬ್ಬರು ಸೌಂಡ್ ಎಂಜಿನಿಯರುಗಳೂ ಬಂದಿದ್ದರು. ಹಾಡು ಶುರುವಾಯಿತು. ಅಕ್ಕನ ದನಿ ಸೂಜಿಯಂತೆ ಕಿವಿಗೆ ಚುಚ್ಚಿತು. ಸಾಸಿವೆ ಸಿಡಿಯುವ ಸದ್ದು ಪಟಾಕಿಯಾಗಿತ್ತು. ನನ್ನ ಗಂಡ ತಲೆ ತಗ್ಗಿಸಿ ಕುಳಿತರು. ಎಂಜಿನಿಯರುಗಳು, "ಸೂಪರ್ ಸರ್, ಏನೂ ಮುಟ್ಟೋದು ಬೇಡ," ಎಂದು ತಿಂಡಿ ತಿಂದು ಹೊರಟರು. ಅವರು ಹೋದ ಮೇಲೆ ಗಾಯಕರು ನನ್ನ ಕಡೆ ತಿರುಗಿದರು.

"ಶ್ರೀಮಂತನ ಹಾಡನ್ನು ಯಾರೂ ಕೆಟ್ಟದಾಗಿದೆ ಅನ್ನೋದಿಲ್ಲ. ನೀವು ಹೇಳಿ ಡಾಕ್ಟರ್."

ನಾನು ಡಾಕ್ಟರ್ ಅಲ್ಲ ಎಂದು ಎಷ್ಟು ಹೇಳಿದರೂ ಅವರು ಬಿಟ್ಟಿರಲಿಲ್ಲ. ಏನಾಗಿದೆ ಎಂದು ನನಗೆ ಗೊತ್ತಾಗಿತ್ತು. ಆಯುಷ್ಯವಿಡೀ ಡ್ರಮ್ಮಿನ ತಾಳಗಳ ಪಕ್ಕ ನಿಂತ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು. ಅಕ್ಕನದು ತೆಳ್ಳನೆಯ, ಎತ್ತರದ ದನಿ. ಅವರಿಗೆ ಕೇಳಿಸುವಷ್ಟು ಎತ್ತಿದರೆ ಉಳಿದವರಿಗೆ ಕಿವಿ ಹರಿಯುತ್ತದೆ.

"ಅಕ್ಕ ಹೀಗೆ ಕಿರುಚುತ್ತಿರಲಿಲ್ಲ," ಎಂದೆ.

ನನಗೆ ಅಳು ಬಂತು. ಅವರು ತಮ್ಮ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದರು. "ಕುಳಿತುಕೊಳ್ಳಿ. ಅವಳು ಅವಳ ಹಾಗೇ ಆಗುವ ತನಕ ನಾನು ತಗ್ಗಿಸ್ತೇನೆ. ಆದಾಗ ಕೈ ಎತ್ತಿ."

ಅದು ಒಂದೇ ದಿನಕ್ಕೆ ಮುಗಿಯುವ ಕೆಲಸವಾಗಿರಲಿಲ್ಲ. ಎಷ್ಟೋ ಸಂಜೆ ಕಾಲೇಜಿನಿಂದ ಬಂದವಳೇ ಅಲ್ಲಿ ಹೋಗಿ ಕೂರುತ್ತಿದ್ದೆ. ಅವರು ಗುಂಡಿ ತಿರುಗಿಸುವರು, ನಾನು ಇನ್ನೂ ಎಂದು ತಲೆಯಾಡಿಸುವೆ. ಕಿವಿಗೆ ಯಂತ್ರ ಹಾಕಿಕೊಳ್ಳಿ ಎಂದು ಪರೀಕ್ಷೆ ಮಾಡಿಸಿಯೂ ನೋಡಿದೆ. ಸ್ವರ ಹಿಡಿಯುವ ಶಕ್ತಿಯೇ ಸತ್ತ ಕಡೆ ಯಂತ್ರ ತಾನೇ ಏನು ಮಾಡೀತು? ಕಡೆಗೊಂದು ದಿನ ಸಾಸಿವೆ ಸಾಸಿವೆಯಷ್ಟೇ ಸಿಡಿಯಿತು. ಅದರ ಹಿಂದೆ ಅಕ್ಕ ತಮ್ಮಷ್ಟಕ್ಕೆ ಗುನುಗುತ್ತಿದ್ದರು. ನಾನು ಕೈ ಎತ್ತಿದೆ.

"ಇದ್ದಾಳಾ?" ಎಂದು ಕೇಳಿದರು.

"ಇದ್ದಾರೆ. ನಿಮಗೆ?"

"ನನಗೆ ಗಿಟಾರ್ ಮಾತ್ರ ಕೇಳಿಸ್ತಿದೆ. ಬಿಡಿ, ಮುಟ್ಟೋದು ಬೇಡ." ಅಷ್ಟು ಹೇಳಿ ಅಲ್ಲಿಗೇ ಮುಗಿಸಿದರು. ನಾನಾಗಿದ್ದರೆ ಗುಂಡಿ ಮತ್ತೆ ಮೇಲಕ್ಕೆ ತಿರುಗಿಸಿಬಿಡುತ್ತಿದ್ದೆನೇನೋ.

ಹಾಡು ಕೇಳಲು ಇಪೋದಿಂದ ಅಕ್ಕನ ತಂಗಿ ಬಂದರು. ಅರ್ಧಕ್ಕೇ ಬಾಯಿಗೆ ಸೆರಗು ಒತ್ತಿಕೊಂಡು, "ಅಕ್ಕ ಒಳಗೆ ಅಡುಗೆ ಮಾಡ್ತಿದ್ದ ಹಾಗೇ ಇದೆ," ಎಂದು ತಮಿಳಿನಲ್ಲಿ ಹೇಳಿ ಅತ್ತರು. ಗಾಯಕರು ಸ್ಪೀಕರಿನ ಕಡೆ ನೋಡಲೇ ಇಲ್ಲ, ನಾದಿನಿಯ ಮುಖವನ್ನೇ ನೋಡುತ್ತಿದ್ದರು. ಹಾಡು ಚೆನ್ನಾಗಿ ಬಂದಿದೆ ಎಂದು ಅವರು ತಿಳಿದುಕೊಂಡದ್ದು ಹಾಗೆ.

ಮಳೆಗಾಲ ಮುಗಿಯುವ ಮೊದಲೇ ಅವರೂ ಹೃದಯಾಘಾತವಾಗಿ ತೀರಿಕೊಂಡರು. ಅವರ ದೇಶದ ಪತ್ರಿಕೆಗಳು ರಸ್ತೆಯ ಹಾಡಿನ ಬಗ್ಗೆ ಬರೆದವು, ಬಂಗಲೆಯ ಬಗ್ಗೆ ಬರೆದವು, ಬಿಟ್ಟುಹೋದ ಆಸ್ತಿಯ ಬಗ್ಗೆ ಬರೆದವು. ಕೊನೆಯ ಹಾಡಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ನನಗೆ ಸಿಟ್ಟು ಬಂತು, ಯಾರ ಮೇಲೆ ತೋರಿಸುವುದು?

ಬೆಳಗ್ಗೆ ನಿಲಾಯ್‌ಗೆ ಕಾರು ಓಡಿಸುವಾಗ ಒಮ್ಮೊಮ್ಮೆ ಆ ಹಾಡು ಹಾಕುತ್ತೇನೆ. ಯಾರಿಗಾಗಿ ಕಟ್ಟಿದರೋ ಆಕೆ ಅದನ್ನು ಕೇಳಲಿಲ್ಲ. ಕಟ್ಟಿದವರಿಗೆ ಅದರಲ್ಲಿ ಆಕೆ ಕೇಳಿಸಲಿಲ್ಲ. ಹುಟ್ಟಿನ ನಂಟಿಲ್ಲ, ಊರಿನ ನಂಟಿಲ್ಲ, ನನಗೆ ಮಾತ್ರ ಅಕ್ಕ ಒಂದೊಂದು ಉಸಿರೂ ತಪ್ಪಿಹೋಗದ ಹಾಗೆ ಕೇಳಿಸುತ್ತಾರೆ.