ಹಿತ್ತಲಲ್ಲಿ ಸಿಕ್ಕ ತಾಮ್ರದ ತಂಬಿಗೆ

ಪಕ್ಕದ ಮನೆಯ ಆಂಟಿ ಮೊದಲು ನಕ್ಕರೋ ಅತ್ತರೋ, ಈಗ ಖಚಿತವಾಗಿ ಹೇಳಲಾರೆ. ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿರುವ ನಮ್ಮ ಹಿತ್ತಲಲ್ಲಿ ನನ್ನ ಹೊಸ ಮೆಟಲ್ ಡಿಟೆಕ್ಟರ್ ಕೂಗಿತು. ಅಗೆದರೆ ಹಸಿರುಗಟ್ಟಿದ ತಾಮ್ರದ ತಂಬಿಗೆ. ವಿಶ್ವವಿದ್ಯಾಲಯದಲ್ಲಿ ಕಲಿತವನಲ್ಲವೇ, ಇದು ಶತಮಾನದ ಹಿಂದೆ ಇಲ್ಲಿ ಊರೂರು ಸುತ್ತಿದ ಭಾರತೀಯ ವ್ಯಾಪಾರಿಯದೇ ಎಂದು ತಕ್ಷಣ ತೀರ್ಮಾನಿಸಿ, ಬೇಲಿಯಾಚೆಯ ಉಡುಪಿ ಆಂಟಿಗೆ ಉಪನ್ಯಾಸ ಶುರುಮಾಡಿದೆ.

“ಎಂಥ ವ್ಯಾಪಾರಿ ಮಾರಾಯ? ಅದು ನಮ್ಮ ಭೂಮಿಪೂಜೆಯ ತಂಬಿಗೆ! ನನ್ನ ಅಮ್ಮನದ್ದು!”

ಮನೆಗಳು ಏಳುವ ಮೊದಲು ಇಲ್ಲಿನ ಸೈಟುಗಳೆಲ್ಲ ಒಂದೇ ಥರ ಇದ್ದವು. ಅವರು ಫೋನಿನ ದಿಕ್ಸೂಚಿ ನೋಡಿ, ಶಾಸ್ತ್ರಕ್ಕೆ ಕೂದಲೆಳೆಯಷ್ಟೂ ತಪ್ಪದೆ ಈಶಾನ್ಯ ಮೂಲೆಯಲ್ಲೇ ತಂಬಿಗೆ ಹೂತಿದ್ದರು. ಸೈಟು ಮಾತ್ರ ನಮ್ಮದು.

“ಹಾಗಾದ್ರೆ ಇಷ್ಟು ವರ್ಷ ನಮ್ಮ ಮನೆಗೆ ಪೂಜೆಯೇ ಇಲ್ವಾ? ದೇವರನ್ನೇ ನಂಬದ ನಿನ್ನ ಮನೆಗೆ ಆಯ್ತಾ?” ಆಂಟಿ ನಗುತ್ತಲೇ ಕಣ್ಣೊರೆಸಿಕೊಂಡರು.

ಮಹಾನ್ ಪುರಾತತ್ವಜ್ಞನಾದ ನಾನೇ ಅವರ ಹಿತ್ತಲಲ್ಲಿ ಗುಂಡಿ ತೋಡಿಕೊಟ್ಟೆ. ಆದರೂ ಅದು ವ್ಯಾಪಾರಿಯದೇ ಇರಬಹುದೆಂಬ ಸಂಶಯ ಬಿಡಲಿಲ್ಲ. ಹೂಳುವ ಮುನ್ನ ತಂಬಿಗೆಯ ತಳವನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಪಾತ್ರೆಯಂಗಡಿಯಲ್ಲಿ ಕೊರೆಸಿದ ಚುಕ್ಕಿ ಅಕ್ಷರಗಳಲ್ಲಿ ಆಂಟಿಯ ಅಮ್ಮನ ಹೆಸರಿತ್ತು: ಗಿರಿಜಾ.