ಬೆರಳುರಾಣಿಯ ರಜೆ

ಮಕ್ಕಳು ಅವಳನ್ನು ಕಥೆಟೀಚರ್ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ನಾಲ್ಕನೇ ತರಗತಿ ಅವಳದೇ. ದಿನದ ಕೊನೆಯ ಪೀರಿಯಡ್ಡಿನಲ್ಲಿ ಕಥೆ ಓದುವಳು; ಮಕ್ಕಳು ಬಾಯಿಬಿಟ್ಟುಕೊಂಡು ಕೂತಿರುವಾಗ ಗಕ್ಕನೆ ನಿಲ್ಲಿಸಿ, ಪುಸ್ತಕವನ್ನು ಒಬ್ಬರ ಕೈಗಿಡುವಳು. ಮುಂದೇನಾಯಿತೆಂದು ತಿಳಿಯಬೇಕಾದರೆ ಆ ಮಗುವೇ ಓದಬೇಕು, ಉಳಿದವರು ಕಾಯಬೇಕು. ಎಷ್ಟೋ ಮಕ್ಕಳಿಗೆ ಓದು ಹತ್ತಿದ್ದು ಹೀಗೆಯೇ.

ಈ ವರ್ಷ ಎಲ್ಲ ಶಾಲೆಗಳಿಗೂ ಒಂದೇ ಪರೀಕ್ಷೆ ಎಂದು ಮೇಲಿನಿಂದ ಆದೇಶ ಬಂತು. ಪ್ರಶ್ನೆಗೆ ನಾಲ್ಕು ಉತ್ತರ. ಸರಿಯಾದುದರ ಮುಂದಿನ ಸೊನ್ನೆಯನ್ನು ಪೆನ್ಸಿಲಿನಿಂದ ತುಂಬಬೇಕು. ಕಥೆಯ ಪೀರಿಯಡ್ಡು ಸೊನ್ನೆ ತುಂಬುವ ಅಭ್ಯಾಸಕ್ಕೆ ಹೋಯಿತು. ಗೆರೆ ದಾಟಬಾರದು, ಗೊತ್ತಿಲ್ಲದಿದ್ದರೂ ಖಾಲಿ ಬಿಡಬಾರದು. ಒಂದು ದಿನ ತಡೆಯಲಾರದೆ ನರಿಯ ಕಥೆಯೊಂದನ್ನು ಓದಿ, "ನರಿ ಯಾಕೆ ಓಡಿಹೋಯ್ತು, ಹೇಳಿ ನೋಡೋಣ" ಎಂದಳು.

"ಆಪ್ಷನ್ ಕೊಡಿ ಟೀಚರ್," ಎಂದಿತು ಮುಂದಿನ ಬೆಂಚು.

ಈ ಓಟದಲ್ಲಿ ಹಿಂದುಳಿದವಳು ಒಬ್ಬಳೇ. ಅಕ್ಷರದ ಕೆಳಗೆ ಬೆರಳಿಟ್ಟು, ಇರುವೆ ನಡಿಗೆಯಲ್ಲಿ ಓದುತ್ತಿದ್ದ ಆ ಹುಡುಗಿಗೆ ಮಕ್ಕಳು ಬೆರಳುರಾಣಿ ಎಂದು ಹೆಸರಿಟ್ಟಿದ್ದರು. ಓದು ಬರುತ್ತಿತ್ತು, ಗಡಿಯಾರ ಕಾಯುತ್ತಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಹೆಡ್‌ಮೇಡಂ ಕರೆದರು.

"ನಿಮ್ಮ ರಾಣಿಗೆ ನಾಳೆ ಜ್ವರ ಬರ್ಲಿ."

"ಮೇಡಂ, ಈಗಷ್ಟೇ ದಾರಿಗೆ ಬರ್ತಿದಾಳೆ. ಇನ್ನೆರಡು ತಿಂಗ್ಳು ಕೊಟ್ರೆ..."

"ಕೊಡೋಕೆ ನಾನ್ಯಾರಮ್ಮ? ಬಂದ್ರೆ ಫೇಲು, ಬರ್ದಿದ್ರೆ ಲೆಕ್ಕಕ್ಕೇ ಇಲ್ಲ. ನಿಮ್ ಮಗೂಗಿನ್ನೂ ಹಲ್ಲೂ ಬಂದಿಲ್ಲ. ನಿಮ್ಮ ಕ್ಲಾಸಿನ ರಿಸಲ್ಟು ಕೆಳಗಿಳಿದು, ಎಲ್ಲಾದ್ರೂ ದೂರ ವರ್ಗ ಮಾಡಿದ್ರೆ? ಯೋಚ್ನೆ ಮಾಡಿ."

ಅವಳು ಯೋಚಿಸಿದಳು. ಯೋಚಿಸಿದ್ದು ತನ್ನ ಮಗುವಿನ ಬಗ್ಗೆ.

ಸಂಜೆ ಗೇಟಿನ ಹತ್ತಿರ ಹುಡುಗಿಯನ್ನು ನಿಲ್ಲಿಸಿ, ಬಿಚ್ಚಿದ್ದ ಜಡೆಯ ರಿಬ್ಬನ್ ಕಟ್ಟುತ್ತ ಹೇಳಿದಳು: "ನಾಳೆ ನಿಂಗೆ ರಜೆ ಪುಟ್ಟಿ."

"ನಂಗೊಬ್ಳಿಗೇನಾ?" ಹುಡುಗಿ ಕುಣಿದಳು. "ಚೆನ್ನಾಗಿ ಓದಿದ್ದಕ್ಕಾ ಟೀಚರ್?"

"ಹೂಂ."

ಕಟ್ಟಿದ್ದ ರಿಬ್ಬನ್ನನ್ನು ಬಿಚ್ಚಿ ಮತ್ತೊಮ್ಮೆ ಕಟ್ಟಿದಳು.

ಫಲಿತಾಂಶ ಬಂತು. ತನಗೆ ಸಿಕ್ಕ ಮೆಚ್ಚುಗೆ ಪತ್ರವನ್ನು ಕಥೆಟೀಚರ್ ಮನೆಗೆ ತಂದು, ಮಗುವಿನ ಬಟ್ಟೆಗಳ ಅಡಿಗೆ ತುರುಕಿದಳು. ಮರುದಿನ ಶಾಲೆಯ ಗೇಟಿನ ಮೇಲೆ ದೊಡ್ಡ ಬ್ಯಾನರ್ ಇತ್ತು. ಅದರ ಕೆಳಗೆ ಬೆರಳುರಾಣಿ ನಿಂತಿದ್ದಳು. ಕೈ ಎಟುಕದೆ, ಗಾಳಿಯಲ್ಲೇ ಬೆರಳೆಳೆಯುತ್ತ ಓದುತ್ತಿದ್ದಳು.

"ನಾ...ಲ್ಕನೇ... ತರ...ಗತಿಯ... ಎಲ್ಲಾ... ಮಕ್ಕಳೂ... ಪಾಸು."

ಒಂದಕ್ಷರ ತಪ್ಪಲಿಲ್ಲ. ಟೀಚರನ್ನು ಕಂಡು ಮುಖ ಅರಳಿತು. "ನಾನೇ ಓದ್ಬಿಟ್ಟೆ ಟೀಚರ್!" ಆಮೇಲೆ ಹುಬ್ಬು ಗಂಟಿಕ್ಕಿತು. "ಎಲ್ಲಾ ಅಂದ್ರೆ, ನಾನೂನಾ?"

"ಬೆಲ್ ಆಯ್ತು, ಒಳಗೆ ನಡಿ," ಎಂದಳು ಕಥೆಟೀಚರ್.

ಬೆಲ್ ಇನ್ನೂ ಹೊಡೆದಿರಲಿಲ್ಲ.